ದಾದರ್ ತಲುಪುವಷ್ಟರಲ್ಲಿ ಚಪ್ಪಟೆಯಾಗುವ ಕೂದಲು

ಪ್ರಶ್ನೆ: ನನಗೆ 31 ವರ್ಷ. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಕೆಲಸ ಮುಂಬಯಿಯ ಲೋವರ್ ಪರೇಲ್‌ನಲ್ಲಿ. ಚಿಕ್ಕಂದಿನಿಂದಲೂ ನನ್ನ ಕೂದಲು ರೇಷ್ಮೆ ನೂಲಿನ ಹಾಗೆ ಸಣ್ಣ, ನೇರ. ತಲೆಗೆ ಅಂಟಿಕೊಂಡೇ ಇರುತ್ತದೆ. ಬೆಳಿಗ್ಗೆ ತೊಳೆದು ಡ್ರೈಯರ್ ಹಿಡಿದರೂ ಲೋಕಲ್ ಟ್ರೈನಿನಿಂದ ದಾದರ್‌ನಲ್ಲಿ ಇಳಿಯುವಷ್ಟರಲ್ಲಿ ಮತ್ತೆ ಚಪ್ಪಟೆ. ಅಮ್ಮ ಎಣ್ಣೆ ಹಚ್ಚು ಅಂತಾರೆ. ಪಾರ್ಲರ್‌ನವರು ಕೆರಟಿನ್ ಮಾಡಿಸಿ ಅಂತಾರೆ. ಗೆಳತಿ ಪರ್ಮ್ ಮಾಡಿಸಿ ಗುಂಗುರು ಮಾಡಿಕೋ ಅಂತಾಳೆ. ಡಿಸೆಂಬರ್‌ನಲ್ಲಿ ಉಡುಪಿಯಲ್ಲಿ ತಮ್ಮನ ಮದುವೆ ಇದೆ. ತುರುಬು ಕಟ್ಟಿ ಮಲ್ಲಿಗೆ ಮುಡಿಯುವ ಆಸೆ. ಆದರೆ ನನ್ನ ತಲೆಯಲ್ಲಿ ಪಿನ್ನೇ ನಿಲ್ಲುವುದಿಲ್ಲ. ಏನು ಮಾಡಲಿ?

ಉತ್ತರ: ಮುಲುಂಡ್‌ನಲ್ಲಿ ನಾನು ಪಾರ್ಲರ್ ಇಟ್ಟು 22 ವರ್ಷ ಆಯಿತು. ಸಣ್ಣ ಕೂದಲಿನವರು ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು ಒಂದೇ, "ಇದಕ್ಕೆ ಏನು ಹಾಕಬೇಕು?" ನಾನು ಹೇಳುವುದೂ ಹೆಚ್ಚುಕಡಿಮೆ ಒಂದೇ. ಈಗ ಹಾಕುತ್ತಿರುವುದರಲ್ಲಿ ಅರ್ಧ ಬಿಡಿ. ಆಮೇಲೆ ತಲೆ ಒಣಗಿಸುವ ಹತ್ತು ನಿಮಿಷವನ್ನು ಸರಿಯಾಗಿ ಕಳೆಯಿರಿ. ಇದಕ್ಕೆ ದುಡ್ಡು ಜಾಸ್ತಿ ಬೇಡ. ಅದಕ್ಕೇ ಇದನ್ನು ಯಾರೂ ಹೇಳಿಕೊಡುವುದಿಲ್ಲ ಅಂತ ನನ್ನ ಅನುಮಾನ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕೂದಲು ಸಣ್ಣ ಇರುವುದು ಬೇರೆ, ಕೂದಲು ಕಡಿಮೆ ಇರುವುದು ಬೇರೆ. ಬಾಚಣಿಗೆಯಿಂದ ಒಂದೇ ಒಂದು ಎಳೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ ನೋಡಿ. ಏನೋ ಇದೆ ಅಂತ ಗೊತ್ತೇ ಆಗದಿದ್ದರೆ ಎಳೆ ಸಣ್ಣದು. ಇನ್ನು ಎಲ್ಲಾ ಕೂದಲನ್ನೂ ಹಿಂದಕ್ಕೆ ಸೇರಿಸಿ ಮುಷ್ಟಿಯಲ್ಲಿ ಹಿಡಿಯಿರಿ. ಮುಷ್ಟಿ ತುಂಬಿದರೆ ಎಳೆಗಳ ಸಂಖ್ಯೆಗೆ ಏನೂ ಕೊರತೆ ಇಲ್ಲ. ನಿಮ್ಮ ಹಾಗೆ ಚಿಕ್ಕಂದಿನಿಂದ ಸಣ್ಣ ಎಳೆ ಇರುವ ಎಷ್ಟೋ ಜನರಿಗೆ ಕೂದಲು ಚೆನ್ನಾಗಿಯೇ ಇರುತ್ತದೆ, ಮೇಲೆ ಏಳುವುದಿಲ್ಲ ಅಷ್ಟೆ.

ಆದರೆ ಬೈತಲೆ ಈಚೆಗೆ ಅಗಲ ಆಗಿದ್ದರೆ, ಜಡೆ ಒಂದೆರಡು ವರ್ಷದಲ್ಲಿ ಅರ್ಧಕ್ಕೆ ಇಳಿದಿದ್ದರೆ ಅದು ನನ್ನ ಕೆಲಸವಲ್ಲ, ಚರ್ಮದ ಡಾಕ್ಟರ ಕೆಲಸ. ದಿನಕ್ಕೆ 50ರಿಂದ 100 ಎಳೆ ಉದುರುವುದು ಮಾಮೂಲು. ಡೆಂಗ್ಯೂ, ಟೈಫಾಯ್ಡ್‌ನಂಥ ಜ್ವರ ಬಂದು ಹೋದ ಮೇಲೆ, ಹೆರಿಗೆ ಆದ ಮೇಲೆ, ಊಟ ಬಿಟ್ಟು ತೂಕ ಇಳಿಸಿದ ಮೇಲೆ, ಎರಡು ಮೂರು ತಿಂಗಳು ಬಿಟ್ಟು ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಮಳೆಗಾಲದಲ್ಲಿ ಜ್ವರ ಮಲಗಿ ಎದ್ದವರು ದೀಪಾವಳಿ ಹೊತ್ತಿಗೆ ಗಾಬರಿಯಾಗಿ ನನ್ನ ಹತ್ತಿರ ಬರುವುದು ಪ್ರತಿ ವರ್ಷದ ಕತೆ. ಸಾಮಾನ್ಯವಾಗಿ ಅದು ತಾನಾಗಿ ನಿಂತು ಮತ್ತೆ ಬೆಳೆಯುತ್ತದೆ. ನಿಲ್ಲದಿದ್ದರೆ ರಕ್ತದಲ್ಲಿ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಬೇಕು. ಬಯೋಟಿನ್ (ಕೂದಲಿಗೆ ಅಂತ ಮಾರುವ ವಿಟಮಿನ್) ಮಾತ್ರೆ ನುಂಗುತ್ತಿದ್ದರೆ ಆ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಅದು ಜಾಸ್ತಿ ಇದ್ದರೆ ಥೈರಾಯ್ಡ್ ಪರೀಕ್ಷೆಯ ಲೆಕ್ಕವನ್ನೇ ತಪ್ಪಿಸುತ್ತದೆ. ದೇಹದಲ್ಲಿ ಬಯೋಟಿನ್ ಕೊರತೆ ಇಲ್ಲದವರಿಗೆ ಆ ಮಾತ್ರೆಯಿಂದ ಸಣ್ಣ ಎಳೆ ದಪ್ಪ ಆದದ್ದನ್ನು ನಾನಂತೂ ಕಂಡಿಲ್ಲ.

ಸರಿ, ನಿಮ್ಮದು ಹುಟ್ಟಿನಿಂದ ಬಂದ ಸಣ್ಣ ಕೂದಲು ಅಂತಲೇ ಇಟ್ಟುಕೊಳ್ಳೋಣ. ಅದು ಯಾಕೆ ನಿಲ್ಲುವುದಿಲ್ಲ? ಸಣ್ಣ ಎಳೆಯ ದಪ್ಪ ಸುಮಾರು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಇಂಥ 20 ಎಳೆ ಪಕ್ಕಪಕ್ಕ ಕೂರುತ್ತವೆ. ಒರಟು ಕೂದಲಿನ ಎಳೆ ಅದರ ಎರಡರಷ್ಟು ದಪ್ಪ ಇರಬಹುದು. ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಬಲ ಎರಡಲ್ಲ, 16 ಪಟ್ಟು ಆಗುತ್ತದೆ. ಹಿಡಿಸೂಡಿಯ ಕಡ್ಡಿಯನ್ನು ಬುಡದಲ್ಲಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಅಷ್ಟೇ ಉದ್ದದ ಹುಲ್ಲಿನೆಳೆ ಹಿಡಿದರೆ ತುದಿ ಕೈಮೇಲೆ ಬೀಳುತ್ತದೆ. ನಿಮ್ಮದು ಹುಲ್ಲು. ಅದರ ಮೇಲೆ ಎಣ್ಣೆ, ಸೀರಮ್, ಕಂಡೀಷನರ್ ಹೊರಿಸಿದರೆ ಏನಾಗುತ್ತದೆ ನೀವೇ ಯೋಚಿಸಿ.

ಇನ್ನೊಂದು ತೊಂದರೆಯೂ ಇದೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ಗುಂಗುರು ಕೂದಲಿನಲ್ಲಿ ತಿರುವುಗಳನ್ನು ದಾಟಿ ಇಳಿಯಬೇಕು. ನೇರ ಕೂದಲಿನಲ್ಲಿ ಜಾರುಬಂಡೆಯ ಮೇಲೆ ಜಾರಿದ ಹಾಗೆ ಸರಾಗವಾಗಿ ಇಳಿದುಬಿಡುತ್ತದೆ. ಜಿಡ್ಡಾದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಗಾಳಿಗೆ ಜಾಗ ಇರುವುದಿಲ್ಲ. ಆದ್ದರಿಂದ ದಿನ ಬಿಟ್ಟು ದಿನ, ಬೆವರು ಜಾಸ್ತಿ ಇರುವ ತಿಂಗಳಲ್ಲಿ ದಿನವೂ, ತಲೆ ತೊಳೆದರೆ ತಪ್ಪೇನಿಲ್ಲ. ತೊಳೆದರೆ ಕೂದಲು ಉದುರುತ್ತದೆ ಅನ್ನುವುದು ಸುಳ್ಳು. ಆಗಲೇ ಬುಡ ಬಿಟ್ಟಿದ್ದ ಎಳೆಗಳು ಆವತ್ತು ಒಟ್ಟಿಗೆ ಕೈಗೆ ಬರುತ್ತವೆ, ಅಷ್ಟೇ.

ಶಾಂಪೂ ಬುಡಕ್ಕೆ, ಕಂಡೀಷನರ್ ತುದಿಗೆ. ಕಿವಿಯಿಂದ ಮೇಲೆ ಕಂಡೀಷನರ್ ಬೇಡವೇ ಬೇಡ. ತುದಿಗೂ ಒಂದು ಅಡಿಕೆ ಗಾತ್ರದಷ್ಟು ಸಾಕು. ಅದೂ ಭಾರ ಅನ್ನಿಸಿದರೆ ಉಲ್ಟಾ ಮಾಡಿ ನೋಡಿ. ಮೊದಲು ತುದಿಗೆ ಕಂಡೀಷನರ್, ಆಮೇಲೆ ತಲೆಗೆ ಶಾಂಪೂ. ಸಿಕ್ಕೂ ಬಿಡುತ್ತದೆ, ತೂಕವೂ ಉಳಿಯುವುದಿಲ್ಲ. ಬಾಟಲಿಯ ಮೇಲೆ ಸ್ಮೂತ್, ಸ್ಟ್ರೇಟ್, ಫ್ರಿಜ್ ಕಂಟ್ರೋಲ್ ಅಂತ ಬರೆದದ್ದು ನಿಮಗಲ್ಲ. ಅವುಗಳಲ್ಲಿ ಹೆಚ್ಚಿನವು ಸಿಲಿಕೋನ್ ಲೇಪ ಬಿಟ್ಟು ಹೋಗುತ್ತವೆ. ಒರಟು ಕೂದಲಿಗೆ ಅದು ವರ, ನಿಮಗೆ ಒದ್ದೆ ಕಂಬಳಿ.

ಮನೆಯಲ್ಲಿ ಬೋರ್ ನೀರು ಅಥವಾ ಟ್ಯಾಂಕರ್ ನೀರೇ? ಬಕೆಟ್ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಪೊರೆ ಕೂದಲ ಮೇಲೂ ಕೂರುತ್ತದೆ ಅಂತ ತಿಳಿಯಿರಿ. ಎರಡು ಮೂರು ವಾರಕ್ಕೊಮ್ಮೆ ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಅಂಟಿಕೊಂಡದ್ದನ್ನು ಕಿತ್ತು ತೆಗೆಯುವ ಶಾಂಪೂ, ಹಾಕಿ ತೊಳೆಯಿರಿ. ದಿನಾ ಬೇಡ, ಒಣಗಿಸಿಬಿಡುತ್ತದೆ.

ಈಗ ಅಮ್ಮನ ಎಣ್ಣೆ. ಅಮ್ಮ ಹೇಳುವುದರಲ್ಲಿ ಅರ್ಧ ಸತ್ಯ ಇದೆ, ನಾನು ಅವರ ಜೊತೆ ಜಗಳ ಆಡುವುದಿಲ್ಲ. ತೆಂಗಿನೆಣ್ಣೆ ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ನಷ್ಟ ಆಗುವುದನ್ನು ಕಡಿಮೆ ಮಾಡುತ್ತದೆ. ನಮ್ಮ ಮುಂಬಯಿಯದೇ ಆದ ಮಾರಿಕೋ ಕಂಪನಿಯ ಸಂಶೋಧಕರು 2003ರಲ್ಲಿ ಇದನ್ನು ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಜೊತೆ ಹೋಲಿಸಿ ತೋರಿಸಿದ್ದಾರೆ. ತೆಂಗಿನೆಣ್ಣೆ ಮಾರುವವರೇ ಮಾಡಿದ ಅಧ್ಯಯನ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೂ ಆ ಮಾತು ನನ್ನ ಕೈಯ ಅನುಭವಕ್ಕೆ ಹೊಂದುತ್ತದೆ. ತಲೆ ತೊಳೆಯುವ ಅರ್ಧ ಗಂಟೆ ಮುಂಚೆ, ಒಂದು ಚಮಚ, ಕಿವಿಯಿಂದ ಕೆಳಗೆ ಮಾತ್ರ. ವಾರಕ್ಕೊಮ್ಮೆ ಸಾಕು. ಆಮೇಲೆ ಎರಡು ಸಲ ಶಾಂಪೂ. ರಾತ್ರಿಯಿಡೀ ನೆತ್ತಿಗೆ ಎಣ್ಣೆ ತಟ್ಟಿ ದಿಂಬಿಗೂ ಕುಡಿಸಬೇಕಿಲ್ಲ.

ಕೆರಟಿನ್ ಬಗ್ಗೆ ನನ್ನ ಮಾತು ನೇರ: ನಿಮಗೆ ಬೇಡ. ಆ ಚಿಕಿತ್ಸೆ ಇರುವುದೇ ಉಬ್ಬಿದ ಕೂದಲನ್ನು ಮಲಗಿಸಲು. ಮಲಗಿರುವುದನ್ನು ಇನ್ನೂ ಮಲಗಿಸಲು ಸಾವಿರಾರು ರೂಪಾಯಿ ಯಾಕೆ ಕೊಡಬೇಕು? ಅವುಗಳಲ್ಲಿ ಕೆಲವು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಕಣ್ಣು ಗಂಟಲು ಉರಿಯುವುದು ಅದಕ್ಕೇ. ಅದಿಲ್ಲ ಅಂತ ಮಾರುವ ಕೆಲವು ಕ್ರೀಮ್‌ಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಅದರಿಂದ ಕಿಡ್ನಿಗೆ ಪೆಟ್ಟಾದ ಪ್ರಕರಣ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ಪರ್ಮ್ ಒಂದು ಕಾಲಕ್ಕೆ ನಾನೂ ಮಾಡುತ್ತಿದ್ದೆ. ಬುಡ ಎತ್ತಲು ರೂಟ್ ಪರ್ಮ್ ಅಂತ ಇದೆ. ಆದರೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೂರು ತಿಂಗಳಲ್ಲಿ ಆ ಎತ್ತರ ನೆತ್ತಿ ಬಿಟ್ಟು ಕಿವಿಯ ಕಡೆ ಹೊರಟಿರುತ್ತದೆ. ಸಣ್ಣ ಎಳೆಯ ಮೇಲೆ ಪರ್ಮ್‌ನ ಮದ್ದು ಸ್ವಲ್ಪ ಜಾಸ್ತಿ ಹೊತ್ತು ನಿಂತರೂ ಎಳೆ ತುಂಡಾಗುತ್ತದೆ. ಮದುವೆ ವರ್ಷದಲ್ಲಿ ಈ ಪ್ರಯೋಗ ಬೇಡ.

ಕತ್ತರಿಸುವ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸ ಕಲಿತ ಹೊಸದರಲ್ಲಿ ನಾನು ಇನ್ನೊಬ್ಬರ ಪಾರ್ಲರ್‌ನಲ್ಲಿ ಇದ್ದೆ. ನಿಮ್ಮಂಥದೇ ಕೂದಲಿನ ಒಬ್ಬರು ಬಂದರು. ಲೇಯರ್ ಹೆಚ್ಚಿದಷ್ಟೂ ಕೂದಲು ಉಬ್ಬುತ್ತದೆ ಅಂತ ನಂಬಿ, ಐದಾರು ಮಟ್ಟ ಕತ್ತರಿಸಿದೆ. ಆಮೇಲೆ ಒಂದು ಗಂಟೆ ಚೆನ್ನಾಗಿ ಕಂಡಿತು. ವಾರ ಬಿಟ್ಟು ಬಂದಾಗ ಮೇಲೆ ಎರಡು ಪುಕ್ಕ, ಕೆಳಗೆ ಇಲಿಬಾಲ. ಪಾಪ, ಅವರು ಬೈಯಲೂ ಇಲ್ಲ. ಕನ್ನಡಿ ನೋಡುತ್ತಾ ಸುಮ್ನೆ ಕೂತಿದ್ದರು. ಅವತ್ತಿನಿಂದ ಸಣ್ಣ ಕೂದಲಿಗೆ ನಾನು ಕೆಳಗಿನ ಅಂಚನ್ನು ಒಂದೇ ಗೆರೆಯಲ್ಲಿ ಕತ್ತರಿಸುತ್ತೇನೆ. ಅಂಚು ನೇರ ಇದ್ದರೆ ತುದಿ ತುಂಬಿದಂತೆ ಕಾಣುತ್ತದೆ. ಬೇಕಾದರೆ ಮುಖದ ಪಕ್ಕ ಒಂದೆರಡು ಎಳೆ ಗಿಡ್ಡ, ಅಷ್ಟೇ. ತೆಳು ಮಾಡುವ ಹಲ್ಲಿನ ಕತ್ತರಿ ಹತ್ತಿರ ಬಂದರೆ ಕೈ ಅಡ್ಡ ಹಿಡಿಯಿರಿ. ಸಾಮಾನ್ಯವಾಗಿ ಇಂಥವರಿಗೆ ಗದ್ದದಿಂದ ಭುಜದ ನಡುವಿನ ಉದ್ದ ಹೇಳುತ್ತೇನೆ, ಉದ್ದ ಕಡಿಮೆಯಾದರೆ ತೂಕ ಕಡಿಮೆ. ನಿಮಗೆ ತುರುಬು ಬೇಕಲ್ಲ, ಅದಕ್ಕೆ ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಇರಲಿ. ಮದುವೆ ಮುಗಿದ ಮೇಲೆ ಬಾಕಿ ನೋಡೋಣ.

ಈಗ ಆ ಹತ್ತು ನಿಮಿಷ. ಕಾಟನ್ ಸೀರೆಗೆ ಇಸ್ತ್ರಿ ಹಾಕಿದ್ದೀರಿ ಅಲ್ವಾ? ನೀರು ಚಿಮುಕಿಸಿ, ಬಿಸಿ ಒತ್ತಿ, ಮಡಿಚಿಟ್ಟು ಆರಲು ಬಿಟ್ಟರೆ ಗೆರೆ ನಿಲ್ಲುತ್ತದೆ. ಗಂಜಿ ಹಾಕಿದ್ದರೆ ಇನ್ನೂ ಖಡಕ್. ಮಳೆಗಾಲದ ತೇವದಲ್ಲಿ ಅದೇ ಸೀರೆ ಸಂಜೆಗೆ ಮೆತ್ತಗಾಗುತ್ತದೆ. ಕೂದಲಿನ ಕತೆಯೂ ಇದೇ. ಎಳೆಯ ಒಳಗೆ ಹೈಡ್ರೋಜನ್ ಬಾಂಡ್ ಅನ್ನುವ ಸಣ್ಣ ಸಣ್ಣ ಕೊಂಡಿಗಳಿವೆ. ನೀರು ತಾಗಿದರೆ ಬಿಡುತ್ತವೆ, ಒಣಗುವಾಗ ಮತ್ತೆ ಕೂಡುತ್ತವೆ. ಒಣಗುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿ ಇತ್ತೋ ಅದೇ ಆಕಾರ ಗಟ್ಟಿ. ತಲೆಗೆ ಅಂಟಿಕೊಂಡೇ ಒಣಗಿದರೆ ಅಂಟಿದ್ದೇ ಗಟ್ಟಿ. ಹೆಚ್ಚಿನವರು ಸ್ನಾನ ಮಾಡಿ ಟವೆಲ್ ಸುತ್ತಿ, ತಿಂಡಿ ತಿಂದು, ಡಬ್ಬಿ ಕಟ್ಟಿ, ಬುಡ ಮುಕ್ಕಾಲು ಒಣಗಿದ ಮೇಲೆ ಡ್ರೈಯರ್ ಹಿಡಿಯುತ್ತಾರೆ. ಅಷ್ಟರಲ್ಲಿ ಗೆರೆ ಬಿದ್ದು ಆಗಿರುತ್ತದೆ. ನೀವೂ ಹಾಗೇ ಮಾಡುತ್ತಿದ್ದೀರಿ ಅಂತ ನನ್ನ ಊಹೆ.

ಹೀಗೆ ಮಾಡಿ. ಒರಟು ಟರ್ಕಿ ಟವೆಲ್ ಬಿಟ್ಟು ಹಳೆಯ ತೆಳು ಬೈರಾಸಿನಲ್ಲಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ನಿಂಬೆಹಣ್ಣಿನ ಗಾತ್ರದಷ್ಟು ಮೂಸ್ ಅಂಗೈಗೆ ತೆಗೆದುಕೊಂಡು ಬೆರಳಿನಿಂದ ಬುಡಕ್ಕೆ ಹಚ್ಚಿ. ಮೂಸ್ ಅಂದರೆ ನೊರೆಯಾಗಿ ಬರುವ ಕೂದಲಿನ ಗಂಜಿ. ಈಗ ಸೊಂಟ ಬಗ್ಗಿಸಿ ತಲೆ ಕೆಳಗೆ ಹಾಕಿ. ಡ್ರೈಯರ್ ಮಧ್ಯಮ ಬಿಸಿಯಲ್ಲಿ, ಒಂದು ಗೇಣು ದೂರದಲ್ಲಿ. ಗಾಳಿ ಬೀಳಬೇಕಾದದ್ದು ಬುಡಕ್ಕೆ. ತುದಿಯನ್ನು ಮರೆತುಬಿಡಿ, ಅದು ತಾನೇ ಒಣಗುತ್ತದೆ. ಇನ್ನೊಂದು ಕೈಯ ಬೆರಳುಗಳನ್ನು ನೆತ್ತಿಯೊಳಗೆ ಹಾಕಿ ಬುಡವನ್ನು ಆಕಡೆ ಈಕಡೆ ಆಡಿಸುತ್ತಲೇ ಇರಿ. ಬುಡ ಪೂರ್ತಿ ಒಣಗಿದ ಮೇಲೆ ತಲೆ ಎತ್ತಿ. ಮೊದಲ ದಿನ ಸಿಂಹದ ಹಾಗೆ ಕಾಣುತ್ತೀರಿ, ಹೆದರಬೇಡಿ.

ಆಮೇಲೆ ಹಣೆಯಿಂದ ನೆತ್ತಿಯ ತನಕ ನಡುವಿನ ಪಟ್ಟಿ ಮಾತ್ರ ತೆಗೆದುಕೊಳ್ಳಿ. ಮೂರು ಭಾಗ ಮಾಡಿ, ಒಂದೊಂದನ್ನೂ ಮೇಲಕ್ಕೆ ಎಳೆದು ದೊಡ್ಡ ವೆಲ್ಕ್ರೋ ರೋಲರ್‌ಗೆ ಸುತ್ತಿ, ಹಿಂದಕ್ಕೆ ಉರುಳಿಸಿ ಬುಡದ ಮೇಲೆ ಕೂರಿಸಿ. ಅರ್ಧ ನಿಮಿಷ ಬಿಸಿ ಗಾಳಿ, ನಂತರ ಡ್ರೈಯರಿನ ತಣ್ಣನೆ ಗಾಳಿಯ ಗುಂಡಿ. ಆ ಗುಂಡಿ ಅಲಂಕಾರಕ್ಕೆ ಇಟ್ಟದ್ದಲ್ಲ. ಬಿಸಿ ಇರುವಾಗಲೇ ರೋಲರ್ ಬಿಚ್ಚಿದರೆ ಎಲ್ಲಾ ನೀರಿನಲ್ಲಿ ಹೋಮ. ರೋಲರ್ ತಲೆಯಲ್ಲಿ ಇಟ್ಟುಕೊಂಡೇ ಚಹಾ ಕುಡಿಯಿರಿ, ಡಬ್ಬಿ ಕಟ್ಟಿ. ಕಾಲು ಗಂಟೆ ಬಿಟ್ಟು ಬಿಚ್ಚಿ ಬೆರಳಿನಲ್ಲಿ ಮಾತ್ರ ಸರಿಮಾಡಿ. ಬಾಚಣಿಗೆ ಬೇಡ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದರೆ ಈ ರೋಲರ್ ಡಜನ್ ಲೆಕ್ಕದಲ್ಲಿ ಸಿಗುತ್ತವೆ, ನಿಮಗೆ ಮೂರು ಸಾಕು. ಇಸ್ತ್ರಿಯ ಸ್ಟ್ರೇಟ್ನರ್ ಮಾತ್ರ ಒದ್ದೆ ಕೂದಲಿಗೆ ಎಂದೂ ತಾಗಿಸಬೇಡಿ. ಒಳಗಿನ ನೀರು ಆವಿಯಾಗಿ ಎಳೆಯ ಒಳಗೇ ಗುಳ್ಳೆ ಏಳುತ್ತದೆ, ಅಲ್ಲೇ ಮುರಿಯುತ್ತದೆ.

ಇಷ್ಟಾದರೂ ಲೋಕಲ್ ಟ್ರೈನ್ ಇದೆಯಲ್ಲ! ಲೇಡೀಸ್ ಡಬ್ಬಿಯ ಬೆವರು, ಬಾಗಿಲಿನ ಗಾಳಿ, ಹತ್ತು ಜನರ ಉಸಿರು. ತೇವ ತಾಗಿದ ಕೂಡಲೇ ಆ ಕೊಂಡಿಗಳು ಮತ್ತೆ ಬಿಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಇದೆ ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಅರ್ಧ ಉಳಿಸಿಕೊಳ್ಳಬಹುದು. ಮನೆಯಿಂದ ಹೊರಡುವಾಗ ಕೂದಲೆಲ್ಲಾ ನೆತ್ತಿಯ ತುದಿಗೆ ಎತ್ತಿ, ಸಡಿಲವಾಗಿ ತಿರುಗಿಸಿ ಒಂದು ದೊಡ್ಡ ಕ್ಲಚರ್ ಹಾಕಿ. ಬುಡ ಮೇಲಕ್ಕೆ ಎದ್ದೇ ಇರುತ್ತದೆ, ಕುತ್ತಿಗೆಯ ಬೆವರು ತಾಗುವುದಿಲ್ಲ. ಬಿಚ್ಚುವುದು ಆಫೀಸಿನ ಲಿಫ್ಟಿನಲ್ಲಿ. ಇನ್ನೊಂದು ಉಪಾಯಕ್ಕೆ ಪೈಸೆ ಖರ್ಚಿಲ್ಲ. ಮನೆಯಲ್ಲಿ ಬೈತಲೆಯನ್ನು ಎಡಕ್ಕೆ ತೆಗೆದು ಹೊರಡಿ, ಆಫೀಸಿನಲ್ಲಿ ಬಲಕ್ಕೆ ಬದಲಿಸಿ. ಒಂದು ಕಡೆ ಮಲಗಿದ್ದ ಬುಡ ಇನ್ನೊಂದು ಕಡೆ ತಿರುಗುವಾಗ ತಾನಾಗಿ ಎದ್ದು ನಿಲ್ಲುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೈತಲೆ ತೆಗೆಯುವವರಿಗೆ ಇದರ ಪರಿಣಾಮ ನೋಡಿ ಆಶ್ಚರ್ಯ ಆಗುತ್ತದೆ.

ತಲೆ ತೊಳೆಯದ ದಿನಕ್ಕೆ ಡ್ರೈ ಶಾಂಪೂ. ಅದರಲ್ಲಿ ಮುಖ್ಯವಾಗಿ ಇರುವುದು ಜಿಡ್ಡು ಹೀರುವ ಪಿಷ್ಟ. ಮನೆಯ ಕಾರ್ನ್‌ಫ್ಲೋರ್ ಕೂಡ ಆ ಕೆಲಸ ಮಾಡುತ್ತದೆ. ಕಪ್ಪು ಕೂದಲಿಗೆ ಬೂದಿ ಬಳಿದ ಹಾಗೆ ಕಾಣಬಾರದು ಅಂದರೆ ಸ್ವಲ್ಪ ಕೋಕೋ ಪುಡಿ ಬೆರೆಸಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಹಾಕುವ ಬದಲು ರಾತ್ರಿ ಮಲಗುವಾಗ ಹಳೆಯ ಪೌಡರ್ ಪಫ್‌ನಲ್ಲಿ ಬುಡಕ್ಕೆ ತಟ್ಟಿ. ನಿದ್ದೆಯಲ್ಲೇ ಹರಡಿ, ಜಿಡ್ಡು ಹೀರಿರುತ್ತದೆ.

ಇನ್ನು ಮದುವೆಯ ತುರುಬು. ಪಿನ್ ನಿಲ್ಲದಿರಲು ಕಾರಣ ನಿಮ್ಮ ಕೂದಲಿನ ನುಣುಪು. ಮದುವೆ ದಿನ ಬೆಳಿಗ್ಗೆ ತಲೆಸ್ನಾನ ಮಾಡಿ ಪಿನ್ ಚುಚ್ಚಿದರೆ ಮುಹೂರ್ತದ ಹೊತ್ತಿಗೆ ಒಂದೊಂದೇ ಕೆಳಗೆ ಬೀಳುತ್ತದೆ. ಹಿಂದಿನ ದಿನ ಬೆಳಿಗ್ಗೆ ತೊಳೆದುಬಿಡಿ, ಕಂಡೀಷನರ್ ಇಲ್ಲದೆ. ಎಣ್ಣೆ ಸ್ನಾನ ಆಗಲೇಬೇಕು ಅಂತ ಅಮ್ಮ ಹಟ ಹಿಡಿದರೆ ಅದು ಮೂರು ದಿನ ಮುಂಚೆ. ಮದುವೆ ದಿನ ಬುಡಕ್ಕೆ ಡ್ರೈ ಶಾಂಪೂ ಹಾಕಿ, ಮೇಲಿನ ಪದರವನ್ನು ಎತ್ತಿ ಪಕ್ಕಕ್ಕೆ ಕ್ಲಿಪ್ ಮಾಡಿ, ಒಳಗಿನ ಪದರದ ಬುಡದಲ್ಲಿ ಎರಡು ಬೆರಳು ಅಗಲದಷ್ಟು ಕ್ರಿಂಪಿಂಗ್, ಅಂದರೆ ಬಿಸಿ ಯಂತ್ರದಲ್ಲಿ ಒತ್ತಿ ಅಂಕುಡೊಂಕು, ಮಾಡಿಸಿ. ಆ ಅಂಕುಡೊಂಕು ಹೊರಗೆ ಕಾಣುವುದಿಲ್ಲ. ಒಳಗಿನಿಂದ ಮೇಲಿನ ಕೂದಲನ್ನು ಎತ್ತಿ ಹಿಡಿಯುತ್ತದೆ, ಪಿನ್ನಿಗೂ ಹಿಡಿತ ಸಿಗುತ್ತದೆ. ಕೂದಲನ್ನು ಬುಡದ ಕಡೆಗೆ ಹಿಮ್ಮುಖ ಬಾಚಿ ಉಬ್ಬಿಸುವ ಬ್ಯಾಕ್ ಕೂಂಬಿಂಗ್‌ಗಿಂತ ಇದು ವಾಸಿ. ಮರುದಿನ ಸಿಕ್ಕು ಬಿಡಿಸುತ್ತಾ ಅಳಬೇಕಾಗಿಲ್ಲ.

ತುರುಬಿನ ಗಾತ್ರ ನಿಮ್ಮ ಕೂದಲಿನಿಂದ ಬರಬೇಕು ಅಂತ ಯಾಕೆ ಹಟ? ನಮ್ಮ ಅಜ್ಜಿಯರೂ ಚೌರಿ ಇಟ್ಟೇ ತುರುಬು ಕಟ್ಟುತ್ತಿದ್ದರು, ಯಾರೂ ಅದನ್ನು ಮುಚ್ಚಿಡುತ್ತಿರಲಿಲ್ಲ. ಈಗ ಡೋನಟ್ ಅಂತ ಸ್ಪಂಜಿನ ಬಳೆ ಸಿಗುತ್ತದೆ. ಕಪ್ಪು ಬಣ್ಣದ್ದು ತನ್ನಿ. ಪೋನಿ ಕಟ್ಟಿ ಅದಕ್ಕೆ ತೂರಿಸಿ, ನಿಮ್ಮ ಕೂದಲನ್ನು ಮೇಲೆ ಹೊದಿಸಿ, ಅದರ ಮೇಲೆ ಬಲೆ. ಹೂವಿನ ಭಾರ ಹೊರಬೇಕಾದದ್ದು ಈ ಡೋನಟ್. ಉಡುಪಿ ಮಲ್ಲಿಗೆ ನೋಡಲು ಹಗುರ, ಆದರೆ ನೀರು ಚಿಮುಕಿಸಿದ ಒಂದು ಚೆಂಡನ್ನು, ಅಂದರೆ ಕಟ್ಟಿ ಸುತ್ತಿಟ್ಟ ಮಲ್ಲಿಗೆ ಮಾಲೆಯನ್ನು, ಕೈಯಲ್ಲಿ ಹಿಡಿದು ನೋಡಿ, ಆಗ ಗೊತ್ತಾಗುತ್ತದೆ. ಅಟ್ಟೆಗಟ್ಟಲೆ (ನಾಲ್ಕು ಚೆಂಡಿಗೆ ಒಂದು ಅಟ್ಟೆ) ತರಿಸಿ ಎಲ್ಲರೂ ಮುಡಿಯಲಿ, ನಿಮ್ಮ ತಲೆಗೆ ಒಂದು ಚೆಂಡು ಸಾಕು. ಯು ಪಿನ್ ಚುಚ್ಚುವಾಗ ಹೂವಿನ ದಾರವನ್ನು ಹಿಡಿದು ನೇರ ಸ್ಪಂಜಿನೊಳಗೆ ಇಳಿಸಬೇಕು. ಬರೀ ಕೂದಲಿಗೆ ಸಿಕ್ಕಿಸಿದರೆ ಕೂದಲನ್ನೂ ಎಳೆದುಕೊಂಡು ಜಾರುತ್ತದೆ. ಬೇರೆ ಪಿನ್‌ಗಳನ್ನು ಎರಡೆರಡು, ಗುಣಿಸು ಚಿಹ್ನೆಯ ಹಾಗೆ ಒಂದರ ಮೇಲೊಂದು ಅಡ್ಡ ಹಾಕಿ. ಪಿನ್ನಿನ ಅಲೆಅಲೆಯಾದ ಕಾಲು ತಲೆಯ ಕಡೆ ಇರಲಿ. ಹೆಚ್ಚಿನವರು ಉಲ್ಟಾ ಹಾಕುತ್ತಾರೆ.

ಊರಿಗೆ ಹೊರಡುವ ಎರಡು ವಾರ ಮುಂಚೆ ಒಂದು ಭಾನುವಾರ ಇದನ್ನೆಲ್ಲಾ ಮನೆಯಲ್ಲೇ ಪೂರ್ತಿ ಮಾಡಿ ನೋಡಿ. ಹಿಂದಿನ ದಿನ ಆಫೀಸಿನಿಂದ ಬರುವಾಗ ದಾದರ್‌ನ ಹೂವಿನ ಮಾರ್ಕೆಟ್ಟಿನಿಂದ ಮೊಗ್ರಾ ಗಜ್ರಾ (ಮಲ್ಲಿಗೆ ಮಾಲೆ) ಎರಡು ಮೊಳ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ತುರುಬು ಕಟ್ಟಿ, ಹೂ ಮುಡಿದು, ಮೂರು ಗಂಟೆ ಮನೆಕೆಲಸ ಮಾಡಿ. ಗುಡಿಸಿ, ಬಗ್ಗಿ, ಮೇಲಿನ ಕಪಾಟಿನ ಡಬ್ಬಿ ಇಳಿಸಿ. ಯಾವ ಪಿನ್ ಮೊದಲು ಸಡಿಲ ಆಯಿತು ಅಂತ ಅಮ್ಮನಿಗೆ ನೋಡಲು ಹೇಳಿ. ಉಡುಪಿಯಲ್ಲಿ ಆ ಜಾಗಕ್ಕೆ ಎರಡು ಪಿನ್ ಜಾಸ್ತಿ.